ಎಂಆರ್2ಗೆ ಸೂಪರ್‌ಚಾರ್ಜರ್ ಎಂಜಿನ್: ಎತ್ತಿ ಕೂರಿಸೋದು ಮೂರು ದಿನದ ಕೆಲಸ, ಉಳಿದದ್ದಕ್ಕೆ ತಯಾರಾಗಿ

ನಮಸ್ಕಾರ ಸರ್. ನಿಮ್ಮದು 1987ರ ಟೊಯೋಟಾ ಎಂಆರ್2, ಎಡಬ್ಲ್ಯೂ11 ಮಾಡೆಲ್. ಹಳೇ ಎಂಜಿನ್ ಆಯಿಲ್ ಕುಡಿಯುತ್ತಿದೆ. ಜಪಾನಿನಿಂದ ಬಂದ, ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪ್) ಇರುವ 4ಎ-ಜಿಝಡ್‌ಇ ಎಂಜಿನ್ ಒಂದು ಸಿಗುವಂತಿದೆ. ಅದನ್ನು ಮನೆಯಲ್ಲೇ ಕೂರಿಸಬಹುದಾ, ಹಳೇ ಗೇರ್‌ಬಾಕ್ಸ್ ನಡೆಯುತ್ತಾ, ಎರಡು ವೀಕೆಂಡ್ ಸಾಕಾ ಅಂತ ಕೇಳಿದ್ದೀರಿ. ಇದೇ ಕೆಲಸವನ್ನು ನಾನು ಇಲ್ಲೇ ಇಂಗ್ಲೆಂಡಿನ ಕವೆಂಟ್ರಿಯಲ್ಲಿ, ಮನೆ ಹಿಂದಿನ ಗ್ಯಾರೇಜಿನಲ್ಲಿ ಮಾಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮನೆಯಲ್ಲಿ ಕೂರಿಸಬಹುದು. ಗೇರ್‌ಬಾಕ್ಸ್ ಮಾತ್ರ ಬದಲಾಯಿಸಿ. ಎರಡು ವೀಕೆಂಡ್ ಖಂಡಿತ ಸಾಲದು. ನನಗೆ ನಾಲ್ಕು ತಿಂಗಳು ಹಿಡಿಯಿತು. ಎಂಜಿನ್ ಇಳಿಸಿ ಏರಿಸಿದ್ದು ಅದರಲ್ಲಿ ಮೂರೇ ದಿನ. ಮಿಕ್ಕಿದ್ದೆಲ್ಲ ಬಿಡಿಭಾಗ ಹುಡುಕಿದ್ದು, ವೈರಿಂಗ್ ಮತ್ತು ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ).

ಮೊದಲು ಖರೀದಿ ವಿಷಯ. ಬರೀ ಎಂಜಿನ್ ತಗೋಬೇಡಿ, ಪೂರ್ತಿ ಸೆಟ್ ತಗೊಳ್ಳಿ. ಎಂಜಿನ್, ಇ51 ಗೇರ್‌ಬಾಕ್ಸ್, ಎರಡೂ ಡ್ರೈವ್‌ಶಾಫ್ಟ್, ಫ್ಲೈವೀಲ್, ಕ್ಲಚ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಎಂಜಿನ್ ವೈರಿಂಗ್, ಏರ್ ಫ್ಲೋ ಮೀಟರ್ (ಒಳಗೆ ಹೋಗುವ ಗಾಳಿ ಅಳೆಯುವುದು), ಇಂಟರ್‌ಕೂಲರ್ ಮತ್ತು ಅದರ ಪೈಪುಗಳು, ಮೌಂಟು, ಬ್ರಾಕೆಟ್ಟು, ಎಲ್ಲವೂ ಒಂದೇ ಕಾರಿಂದ ಬಂದಿರಬೇಕು. ನಾನು ದುಡ್ಡು ಉಳೀತು ಅಂತ ಇಸಿಯು ಇಲ್ಲದ ಎಂಜಿನ್ ತಂದೆ. ಆಮೇಲೆ ಒಂದೊಂದೇ ಭಾಗ ಬೇರೆ ಬೇರೆ ಕಡೆಯಿಂದ ತರಿಸಿದೆ. ಕೊನೆಗೆ ಲೆಕ್ಕ ಹಾಕಿದರೆ ಪೂರ್ತಿ ಸೆಟ್ಟಿನ ಬೆಲೆಗಿಂತ ಜಾಸ್ತಿಯೇ ಖರ್ಚಾಗಿತ್ತು.

ಗೇರ್‌ಬಾಕ್ಸ್ ಯಾಕೆ ಅಂದರೆ, ನಿಮ್ಮ ಕಾರಿನಲ್ಲಿರುವುದು ಸಿ52. ಅದು ಸೂಪರ್‌ಚಾರ್ಜರ್ ಇಲ್ಲದ 4ಎ-ಜಿಇ ಎಂಜಿನ್ನಿಗೆ ಮಾಡಿದ್ದು. ಎರಡೂ ಎಂಜಿನ್ 1587 ಸಿಸಿಯೇ. ಆದರೆ ಸೂಪರ್‌ಚಾರ್ಜರ್ ಇರುವುದು 1986ರಲ್ಲಿ ಬಂದಾಗಲೇ 145 ಎಚ್‌ಪಿ ಮತ್ತು 186 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಅದಕ್ಕೇ ಟೊಯೋಟಾದವರು ಗಟ್ಟಿಯಾದ ಇ51 ಹಾಕಿದರು. ಹಳೇ ಗೇರ್‌ಬಾಕ್ಸಿನಲ್ಲೇ ಓಡಿಸುವವರೂ ಇದ್ದಾರೆ. ಅದು ಹೋದ ದಿನ ಎಂಜಿನ್ ಮತ್ತೆ ಕೆಳಗಿಳಿಸಬೇಕು. ಒಂದೇ ಸಲಕ್ಕೆ ಮುಗಿಸಿಬಿಡಿ.

ಎಂಜಿನ್ ನೋಡಲು ಹೋದಾಗ ಸೂಪರ್‌ಚಾರ್ಜರನ್ನು ಹೀಗೆ ಪರೀಕ್ಷೆ ಮಾಡಿ. ಇದು ಎಸ್‌ಸಿ12, ರೂಟ್ಸ್ ಮಾದರಿಯದು, ಅಂದರೆ ಒಳಗೆ ಎರಡು ರೋಟರ್ ತಿರುಗಿ ಗಾಳಿ ತಳ್ಳುತ್ತವೆ. ಬೆಲ್ಟ್ ತೆಗೆದು ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಪುಲ್ಲಿಯೊಂದೇ ಹಗುರವಾಗಿ ತಿರುಗಬೇಕು, ಒಳಗಿನ ರೋಟರ್ ಅಲ್ಲಾಡಬಾರದು. ಎಸಿ ಕಂಪ್ರೆಸರಿಗೆ ಇರುವ ಹಾಗೆ ಇದಕ್ಕೂ ವಿದ್ಯುತ್ ಕ್ಲಚ್ ಇದೆ. ಬೇಕಾದಾಗ ಮಾತ್ರ ಹಿಡಿದುಕೊಳ್ಳುತ್ತದೆ, ಬೇಡದಾಗ ಗಾಳಿ ಬೈಪಾಸ್ ವಾಲ್ವಿನಲ್ಲಿ ಹೋಗುತ್ತದೆ. ಕ್ಲಚ್ಚಿಗೆ ಬ್ಯಾಟರಿಯಿಂದ 12 ವೋಲ್ಟ್ ಕೊಡಿ. ಟಕ್ ಅಂತ ಸದ್ದು ಬರಬೇಕು. ಈಗ ಪುಲ್ಲಿ ತಿರುಗಿಸಿದರೆ ರೋಟರಿನ ಭಾರ ಕೈಗೆ ಗೊತ್ತಾಗುತ್ತದೆ. ಗರಗರ ಅಂದರೆ ಬೇರಿಂಗ್ ಹೋಗಿದೆ. ಗಾಳಿ ಹೊರಬರುವ ಬಾಯಿಗೆ ಬೆರಳು ಹಾಕಿ ಒರೆಸಿ ನೋಡಿ. ತೆಳ್ಳಗೆ ಜಿಡ್ಡು ಇದ್ದರೆ ಪರವಾಗಿಲ್ಲ. ಆಯಿಲ್ ನಿಂತಿದ್ದರೆ ಸೀಲ್ ಹೋಗಿರಬಹುದು, ಅಂಥದ್ದು ತಗೋಬೇಡಿ. ಸೂಪರ್‌ಚಾರ್ಜರಿಗೆ ಅದರದೇ ಬೇರೆ ಆಯಿಲ್ ಇರುತ್ತದೆ, ಎಂಜಿನ್ ಆಯಿಲ್ ಹಾಕಬೇಡಿ. ಗೇರ್‌ಬಾಕ್ಸ್ ಮತ್ತು ಸ್ಟಾರ್ಟರ್ ಜೋಡಿಸಿಯೇ ಇದ್ದರೆ ನೆಲದ ಮೇಲೇ ಕಂಪ್ರೆಷನ್ ಟೆಸ್ಟ್ ಮಾಡಬಹುದು. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ತೋರಿಸಬೇಕು. ಮೊದಲ ಎಂಜಿನ್ನುಗಳ ಕಂಪ್ರೆಷನ್ ರೇಶಿಯೊ 8:1, ಹಾಗಾಗಿ ನಿಮ್ಮ ಹಳೇ ಎಂಜಿನ್ನಿಗಿಂತ ಕಡಿಮೆ ಬಂದರೆ ಗಾಬರಿ ಬೇಡ.

ಎಂಜಿನ್ ಇಳಿಸುವ ಕೆಲಸ. ಎಡಬ್ಲ್ಯೂ11ನಲ್ಲಿ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಕೆಳಗಿಳಿಸಿ, ಕಾರಿನ ಹಿಂಭಾಗವನ್ನು ಅದರ ಮೇಲಿಂದ ಎತ್ತುವುದೇ ಸಲೀಸು. ಇಲ್ಲೊಂದು ಅಪಾಯ ಇದೆ, ದಯವಿಟ್ಟು ಗಮನಿಸಿ. ಎಂಜಿನ್ ಸೀಟಿನ ಹಿಂದೆ ಇರುವ ಕಾರು ಇದು. ಎಂಜಿನ್ ಹೊರಬಂದ ತಕ್ಷಣ ಹಿಂಭಾಗ ಹಗುರಾಗಿ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಮುಂದಿನ ಸ್ಟ್ಯಾಂಡುಗಳನ್ನೂ ಗಟ್ಟಿಯಾಗಿ ಕೂರಿಸಿ, ಕಾರನ್ನು ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಕೈ ಹಾಕಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಒಂದು ನಿಮಿಷಕ್ಕೂ ಹೋಗಬೇಡಿ. ಒಬ್ಬರೇ ಮಾಡಬೇಡಿ. ನಮ್ಮ ಭಾವ ಆ ಮೂರು ದಿನದಲ್ಲಿ ಎರಡು ದಿನ ಬರೀ ನೋಡಿಕೊಂಡು, ಕೂಗಿ ಹೇಳಲು ನಿಂತಿದ್ದರು. ಅದೇ ದೊಡ್ಡ ಸಹಾಯ ಆಯ್ತು. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಪ್ರೆಷರ್ ಇಳಿಸಿ, ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಬಿಚ್ಚಿದ ಪ್ರತಿ ವೈರು, ಪೈಪಿಗೂ ಮಾಸ್ಕಿಂಗ್ ಟೇಪ್ ಸುತ್ತಿ ಹೆಸರು ಬರೆಯಿರಿ, ಫೋಟೊ ತೆಗೆಯಿರಿ. ಎಂಜಿನ್ ಹೊರಗಿದ್ದಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಥರ್ಮೋಸ್ಟಾಟ್, ಕ್ರ್ಯಾಂಕಿನ ಎರಡೂ ಸೀಲ್, ಕ್ಲಚ್ ಎಲ್ಲ ಹೊಸದು ಹಾಕಿಬಿಡಿ. ಒಳಗೆ ಕೂತ ಮೇಲೆ ಅಲ್ಲಿಗೆ ಕೈಯೇ ಹೋಗಲ್ಲ. ಖಾಲಿ ಜಾಗದಲ್ಲಿ ಟಾರ್ಚ್ ಹಿಡಿದು ತುಕ್ಕು ಹುಡುಕಿ. ಇಲ್ಲಿನ ರಸ್ತೆಗೆ ಹಾಕುವ ಉಪ್ಪು ಈ ಕಾರುಗಳನ್ನು ತಿಂದುಹಾಕಿದೆ.

ವೈರಿಂಗ್. ನಿಮ್ಮ ಹಳೇ ಇಸಿಯುಗೆ ಸೂಪರ್‌ಚಾರ್ಜರ್ ಕ್ಲಚ್ ಅಂದರೇನು ಅಂತಲೇ ಗೊತ್ತಿಲ್ಲ. ಇಂಜೆಕ್ಟರುಗಳೂ ಬೇರೆ, ಅವುಗಳ ಜೊತೆ ಒಂದು ರೆಸಿಸ್ಟರ್ ಪ್ಯಾಕ್ ಬರುತ್ತದೆ. ಅದನ್ನು ಬಿಟ್ಟು ಜೋಡಿಸಿದರೆ ಇಸಿಯು ಸುಟ್ಟುಹೋಗಬಹುದು. ನಾಕ್ ಸೆನ್ಸರ್ ವೈರನ್ನಂತೂ ಮರೆಯಲೇಬೇಡಿ. ಎಂಜಿನ್ ಒಳಗೆ ಕಟಕಟ ಶುರುವಾದಾಗ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆದು ಪಿಸ್ಟನ್ ಉಳಿಸುವುದು ಅದೇ. ನಿಮಗೆ ಸಿಗುವ ಎಂಜಿನ್ ಎಂಆರ್2ದಲ್ಲದೆ ಕೊರೊಲ್ಲಾ ಲೆವಿನ್‌ನದ್ದಾಗಿದ್ದರೆ ಕೆಲಸ ಇನ್ನೂ ಜಾಸ್ತಿ. ಅದಕ್ಕೆ ಡಿಸ್ಟ್ರಿಬ್ಯೂಟರ್ ಇರಲ್ಲ, ಪೈಪುಗಳ ದಿಕ್ಕೂ ಬೇರೆ. ಮೊದಲ ಸಲಕ್ಕೆ ಎಂಆರ್2 ಎಂಜಿನ್ನೇ ನೋಡಿ ಅಂತ ನನ್ನ ಅಭಿಪ್ರಾಯ.

ಈಗ ಕೂಲಂಟ್. ನನ್ನ ಎಂಜಿನ್ ಹೋಗುವುದರಲ್ಲಿತ್ತು, ಅದಕ್ಕೆ ಬಿಡಿಸಿ ಹೇಳುತ್ತೇನೆ. ಈ ಕಾರಿನಲ್ಲಿ ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ. ನಡುವೆ ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೆ ಪೈಪುಗಳು. ಎಲ್ಲಾದರೂ ಗಾಳಿ ಸಿಕ್ಕಿಕೊಂಡರೆ ನೀರು ಓಡುವುದೇ ಇಲ್ಲ. ಊರಿನ ತೋಟದಲ್ಲಿ ಪಂಪ್‌ಸೆಟ್ ಏರ್ ಹಿಡಿದರೆ ಮೋಟರ್ ತಿರುಗುತ್ತಲೇ ಇರುತ್ತೆ, ನೀರು ಮಾತ್ರ ಬರಲ್ಲ ಅಲ್ವಾ, ಹಾಗೇ ಇದು. ಮೊದಲ ದಿನ ಮೂರು ಮೈಲಿ ಓಡಿಸಿದ್ದೆ. ಚಳಿ ಇತ್ತು, ಹೀಟರ್ ಪೂರ್ತಿ ಬಿಸಿಗೆ ಇಟ್ಟಿದ್ದೆ. ಇದ್ದಕ್ಕಿದ್ದಂತೆ ಹೀಟರಿಂದ ತಣ್ಣನೆ ಗಾಳಿ ಬರಲು ಶುರುವಾಯಿತು. ಮೀಟರ್ ನೋಡಿದರೆ ಮುಳ್ಳು ಮೇಲಕ್ಕೆ ಏರುತ್ತಿತ್ತು. ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಒಂದು ಗಂಟೆ ಮುಚ್ಚಳ ಮುಟ್ಟಲಿಲ್ಲ. ಹೆಡ್ ಗ್ಯಾಸ್ಕೆಟ್ ಉಳಿಯಿತು.

ಸರಿಯಾದ ವಿಧಾನ ಇದು. ಮುಂದೆ ರೇಡಿಯೇಟರಿನ ಹತ್ತಿರ ಒಂದು, ಹೀಟರಿನ ಹತ್ತಿರ ಒಂದು ಗಾಳಿ ಬಿಡುವ ಬಾಯಿ ಇದೆ. ಎರಡಕ್ಕೂ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಹಾಕಿ, ಎತ್ತರಕ್ಕೆ ಎಳೆದು ಕಟ್ಟಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ. ಹಿಂದಿನ ಎಂಜಿನ್ ಮುಚ್ಚಳದಿಂದ ನಿಧಾನಕ್ಕೆ ಕೂಲಂಟ್ ಹೊಯ್ಯಿರಿ. ಎರಡೂ ಪೈಪಿನಲ್ಲಿ ನೀರು ಏರುತ್ತಾ ಬರುತ್ತದೆ, ಗುಳ್ಳೆಗಳು ಕಾಣುತ್ತವೆ. ಗುಳ್ಳೆ ನಿಂತು, ಪೈಪುಗಳಲ್ಲಿ ಮಟ್ಟ ಹಿಂದಿನ ಮುಚ್ಚಳದ ಸಮಕ್ಕೆ ನಿಂತ ಮೇಲೆ ಮುಚ್ಚಿ. ಅವಸರ ಬೇಡ, ನನಗೆ ಎರಡನೇ ಸಲ ಒಂದು ಮಧ್ಯಾಹ್ನವೇ ಬೇಕಾಯಿತು. ಆಮೇಲೆ ಸ್ಟಾರ್ಟ್ ಮಾಡಿ, ಫ್ಯಾನ್ ತಾನಾಗಿ ಒಮ್ಮೆ ತಿರುಗಿ ನಿಲ್ಲುವವರೆಗೆ ನಿಂತಲ್ಲೇ ಓಡಿಸಿ. ಕೆಳಗಿನ ಪೈಪುಗಳಿಗೆ ತುಕ್ಕು ಹಿಡಿದಿದ್ದರೆ ಈಗಲೇ ಬದಲಾಯಿಸಿ.

ಮೊದಲ ಸ್ಟಾರ್ಟಿಗೆ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪೆಟ್ರೋಲ್ ಮತ್ತು ಸ್ಪಾರ್ಕ್ ಬರದ ಹಾಗೆ ಮಾಡಿ, ಆಯಿಲ್ ದೀಪ ಆರುವವರೆಗೆ ಸ್ಟಾರ್ಟರಿನಲ್ಲಿ ತಿರುಗಿಸಿ. ಏರ್ ಫ್ಲೋ ಮೀಟರ್ ದಾಟಿದ ಮೇಲೆ ಎಲ್ಲೇ ಗಾಳಿ ಸೋರಿದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ, ಹಾಗಾಗಿ ಹಳೇ ರಬ್ಬರ್ ಪೈಪ್ ಯಾವುದನ್ನೂ ಉಳಿಸಿಕೊಳ್ಳಬೇಡಿ. ಪೆಟ್ರೋಲ್ ಪಂಪೂ ಸೂಪರ್‌ಚಾರ್ಜರ್ ಕಾರಿನದ್ದೇ ಇರಲಿ. ಸೂಪರ್ ಅನ್‌ಲೆಡೆಡ್ (ಹೆಚ್ಚು ಆಕ್ಟೇನಿನ ಪೆಟ್ರೋಲ್) ಹಾಕಿಸಿ. 2021ರಿಂದ ಇಲ್ಲಿ ಮಾಮೂಲಿ 95 ಪೆಟ್ರೋಲ್ ಇ10 (ಶೇಕಡಾ 10ರವರೆಗೆ ಎಥನಾಲ್ ಬೆರೆಸಿದ್ದು) ಆಗಿದೆ, ಹಳೇ ಪೆಟ್ರೋಲ್ ಪೈಪುಗಳಿಗೆ ಅದು ಒಳ್ಳೆಯದಲ್ಲ.

ಇನ್ಶೂರೆನ್ಸ್‌ನವರಿಗೆ ಎಂಜಿನ್ ಕೂರಿಸುವ ಮೊದಲೇ ಹೇಳಿ. ಎಂಜಿನ್ ನಂಬರ್ ಬದಲಾದದ್ದನ್ನು ವಿ5ಸಿಯಲ್ಲಿ (ಕಾರಿನ ನೋಂದಣಿ ಪತ್ರ), ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎಗೆ ತಿಳಿಸಬೇಕು, ಖರೀದಿಯ ರಸೀತಿ ಎತ್ತಿಟ್ಟುಕೊಳ್ಳಿ. ಬ್ರೇಕ್ ಪೈಪು, ಪ್ಯಾಡು, ಫ್ಲೂಯಿಡ್ ಹೊಸದು ಹಾಕಿದ ಮೇಲೆ ರಸ್ತೆಗಿಳಿಸಿ.

ದುಡ್ಡು ಕೊಡುವ ಮೊದಲು ಮಾರುವವರ ಹತ್ತಿರ ಮೂರು ಫೋಟೊ ಕೇಳಿ ಇಲ್ಲಿ ಹಾಕಿ: ಇಂಜೆಕ್ಟರ್ ಇರುವ ಬದಿ, ಇಸಿಯು ಮೇಲಿನ ಸ್ಟಿಕ್ಕರ್, ವೈರಿಂಗ್ ತುದಿಯ ಪ್ಲಗ್ಗುಗಳು. ವೈರ್ ಕತ್ತರಿಸಿದ್ದಾರೋ ಇಲ್ಲವೋ ನೋಡಿದ ತಕ್ಷಣ ಹೇಳುತ್ತೇನೆ. ಎಂಜಿನ್ ಕ್ರೇನ್ ನನ್ನ ಹತ್ತಿರ ಇದೆ, ಬಾಡಿಗೆಗೆ ತರುವುದು ಬೇಡ.