‘ಯಾವೂರಾಕಿ?’ ಅಂತ ಇಲ್ಲಿಯೂ ಕೇಳ್ತಾರೆ, ತಂಗಿ

ತಂಗಿ, ನಿನ್ನ ಮೇಲ್ ಎರಡು ಸಲ ಓದಿದೆ. ಸೆಪ್ಟೆಂಬರ್‌ನಲ್ಲಿ ಟೊರಾಂಟೊಗೆ ಓದಲಿಕ್ಕೆ ಬರುತ್ತಿದ್ದೀಯ. ಮೊದಲ ದಿನ ಕ್ಲಾಸಿನಲ್ಲಿ ಎಲ್ಲರೂ ಎರಡೆರಡು ನಿಮಿಷ ತಮ್ಮ ಪರಿಚಯ ಹೇಳಬೇಕಂತೆ. ನಿನ್ನ ತಂದೆಯ ಮನೆಮಾತು ತೆಲುಗು. ತಾತ ಗುಂತಕಲ್ಲಿನಿಂದ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿಗೆ ಬಂದವರು. ಅವ್ವನ ತವರು ಬ್ಯಾಡಗಿ. ನೀನು ಸಾಲಿ ಕಲಿತದ್ದು ಗದಗಿನಲ್ಲಿ, ಕಾಲೇಜು ಹುಬ್ಬಳ್ಳಿಯಲ್ಲಿ. ‘ಅಕ್ಕಾರ, ಇಷ್ಟೆಲ್ಲಾ ಯಾರಿಗೆ ಬೇಕು? ಸುಮ್ನೆ ಇಂಡಿಯಾ ಅಂದ್ರ ಸಾಕಲ್ಲ?’ ಅಂತ ಕೇಳಿದ್ದೀಯ.

ಸಾಕಾಗುತ್ತದೆ. ಆದರೆ ಹಾಗೆ ಮಾಡಬೇಡ. ನಾನು ಮಾಡಿ ನೋಡಿದ್ದೇನೆ.

ನಾನು ಬಂದದ್ದು 2006ರಲ್ಲಿ. ಮೊದಲ ಕ್ಲಾಸಿನಲ್ಲಿ ಇಂಡಿಯಾ ಅಂದೆ. ಇಂಡಿಯಾದಲ್ಲಿ ಎಲ್ಲಿ ಅಂತ ಮರುಪ್ರಶ್ನೆ ಬಂತು. ಗದಗ-ಬೆಟಗೇರಿ ಅಂದರೆ ಯಾರಿಗೆ ಗೊತ್ತು ಅಂದುಕೊಂಡು ಬೆಂಗಳೂರು ಅಂದುಬಿಟ್ಟೆ. ಅಲ್ಲಿಯವರೆಗೆ ನಾನು ಬೆಂಗಳೂರು ನೋಡಿದ್ದು ಎರಡೇ ಸಲ. ಅದರಲ್ಲಿ ಒಂದು ವೀಸಾ ಕೆಲಸಕ್ಕೆ. ಆಮೇಲೆ ಯಾರಾದರೂ ಬೆಂಗಳೂರಿನ ಮಾತು ತೆಗೆದರೆ ಮಾತು ಬದಲಿಸುತ್ತಿದ್ದೆ. ಹಾಗೆ ಮೂರು ತಿಂಗಳು ಕಳೆದೆ. ಒಂದೇ ಒಂದು ಗೆಳೆತನ ಆಗಲಿಲ್ಲ. ಆಗುವುದು ಹೇಗೆ? ಅವರಿಗೆ ಹಿಡಿದುಕೊಳ್ಳಲಿಕ್ಕೆ ನಾನು ಒಂದು ಎಳೆಯನ್ನೂ ಕೊಟ್ಟಿರಲಿಲ್ಲ.

ಡಿಸೆಂಬರ್‌ನಲ್ಲಿ ಒಂದು ಸಂಜೆ ಬಸ್ ಕಾಯುತ್ತಾ ಕ್ಲಾಸಿನ ಒಬ್ಬ ಹುಡುಗಿಯ ಜೊತೆ ನಿಂತಿದ್ದೆ. ಹಿಮ ಬೀಳುತ್ತಿತ್ತು. ಅವಳ ತಂದೆ ದಕ್ಷಿಣ ಅಮೆರಿಕದ ಗಯಾನಾದವರು, ತಾಯಿ ಕೆನಡಾದವರೇ. ಅವಳಾಗಿಯೇ ಹೇಳಿದಳು: ‘ನನ್ನ ಮುತ್ತಜ್ಜನ ಅಪ್ಪ ಕಬ್ಬಿನ ತೋಟದ ಕೂಲಿಗೆ ಅಂತ ಕಲ್ಕತ್ತಾದಲ್ಲಿ ಹಡಗು ಹತ್ತಿದವನು. ಅವನ ಊರಿನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.’ ನನ್ನ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಊರಿನ ಹೆಸರು ಕಳೆದುಕೊಂಡವಳು ಅದನ್ನು ಹುಡುಕುತ್ತಿದ್ದಾಳೆ. ನಾನು ಇದ್ದ ಹೆಸರನ್ನೇ ಮುಚ್ಚಿಟ್ಟಿದ್ದೆ.

ಅಲ್ಲೇ ನಿಂತು ಹೇಳಿದೆ. ಅಪ್ಪ ಬೆಟಗೇರಿಯ ಸಾವಜಿ ನೇಕಾರ, ಮನೆಯೊಳಗೆ ಮಗ್ಗ. ಬೆಳಗಾದರೆ ಲಾಳಿ ಓಡಾಡುವ ಟಕ್ ಟಕ್ ಸದ್ದಿಗೇ ನಾವು ಏಳುತ್ತಿದ್ದೆವು. ಅವ್ವ ಕಾರವಾರದ ಕೊಂಕಣಿ. ಮೀನಿನ ಸಾರು ಮಾಡಿದ ದಿನ ಅವಳು ಗುನುಗುವ ಹಾಡೂ ಕೊಂಕಣಿ. ಅಜ್ಜಿ ನಮ್ಮನ್ನು ಬೈಯುವುದು ಸಾವಜಿ ಮಾತಿನಲ್ಲಿ, ಓಣಿಯಲ್ಲಿ ಆಡುವುದು ಕನ್ನಡ. ಬಸ್ ಬಂದು ಹೋಯಿತು, ನಾವಿಬ್ಬರೂ ಹತ್ತಲಿಲ್ಲ. ಆಕೆ ಈಗಲೂ ನನ್ನ ಗೆಳತಿ.

ಅದಕ್ಕೇ ಹೇಳುತ್ತೇನೆ, ಅರ್ಧ ತೆಲುಗು, ಅರ್ಧ ಕನ್ನಡ ಅಂತ ಲೆಕ್ಕ ಒಪ್ಪಿಸಬೇಡ. ಯಾರು, ಎಲ್ಲಿಂದ, ಯಾವ ಕೆಲಸಕ್ಕೆ ಬಂದರು ಅಂತ ಹೇಳು. ‘ನನ್ನ ತಾತ ರೈಲು ರಿಪೇರಿ ಕೆಲಸಕ್ಕೆ ಅಂತ ಊರು ಬಿಟ್ಟು ಹುಬ್ಬಳ್ಳಿಗೆ ಬಂದರು. ಆ ಊರಿನ ಸ್ಟೇಷನ್ನಿನಲ್ಲಿ ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಇದೆ, 1507 ಮೀಟರ್. ನನ್ನ ಅವ್ವನ ಊರು ಮೆಣಸಿನಕಾಯಿಗೆ ಹೆಸರುವಾಸಿ. ಅದಕ್ಕೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಅಪ್ಪನ ಜೊತೆ ತೆಲುಗು, ಅವ್ವನ ಜೊತೆ ಕನ್ನಡ ಮಾತಾಡುತ್ತೇನೆ.’ ಇಷ್ಟು ಸಾಕು. ಲಿಪ್‌ಸ್ಟಿಕ್ ಮಾತಿಗೆ ಒಬ್ಬರಾದರೂ ಕ್ಲಾಸ್ ಮುಗಿದ ಮೇಲೆ ನಿನ್ನ ಹತ್ತಿರ ಬರುತ್ತಾರೆ, ನೋಡು.

ಬೆರಕೆ ಅಂತ ಸಂಕೋಚ ಯಾಕೆ? ನಮ್ಮ ಕಡೆಯೇ ಬೆರಕೆಯ ಸೀಮೆ. ಧಾರವಾಡ ಪೇಡೆ ಅಂದರೆ ನಮ್ಮ ಅಭಿಮಾನ, ಅಲ್ವಾ? ಅದನ್ನು ಶುರು ಮಾಡಿದ್ದು ಈಗಿನ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ. ಪ್ಲೇಗಿಗೆ ಊರು ಬಿಟ್ಟು ಬಂದವರು ಅಂತ ಹೇಳುತ್ತಾರೆ. ಗಂಗೂಬಾಯಿ ಹಾನಗಲ್ಲರ ಗುರುಗಳು ಕುಂದಗೋಳದ ಸವಾಯಿ ಗಂಧರ್ವರು. ಅವರು ಹಾಡಿದ ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ ಹೆಸರು ಉತ್ತರದ ಕೈರಾನಾ ಊರಿನದು. 1956ರವರೆಗೆ ನಮ್ಮ ಜಿಲ್ಲೆಯೇ ಮುಂಬೈ ರಾಜ್ಯದಲ್ಲಿತ್ತು. ಎಲ್ಲಿಂದಲೋ ಬಂದದ್ದು ನಮ್ಮಲ್ಲಿ ಊರಿನದೇ ಆಗಿಬಿಡುತ್ತದೆ. ನಿನ್ನ ತಾತನೂ ಹಾಗೇ ಹುಬ್ಬಳ್ಳಿಯವರಾದರು.

ಇಲ್ಲಿಯೂ ಅಷ್ಟೇ. 2021ರ ಜನಗಣತಿಯಲ್ಲಿ ಕೆನಡಾದ ಜನ ಬರೆಸಿದ ಮೂಲಗಳು 450ಕ್ಕೂ ಹೆಚ್ಚು. ಒಬ್ಬರೇ ಎರಡು ಮೂರು ಮೂಲ ಬರೆಸಬಹುದು. ನೂರರಲ್ಲಿ 23 ಮಂದಿ ವಲಸೆ ಬಂದವರು. ಎಷ್ಟೋ ಶಾಲೆ, ಸಭೆಗಳಲ್ಲಿ ಮೊದಲು ಈ ನೆಲದ ಮೂಲ ಜನರ ಹೆಸರು ಹೇಳಿ ನೆನೆಯುತ್ತಾರೆ. ಟೊರಾಂಟೊದಲ್ಲಿ ಅನಿಶಿನಾಬೆ, ಹೊಡೆನೊಶೋನಿ, ವೆಂಡಟ್ ಅನ್ನುವ ಹೆಸರುಗಳು ನಿನ್ನ ಕಿವಿಗೆ ಬೀಳುತ್ತವೆ. ಗಮನ ಕೊಟ್ಟು ಕೇಳು.

ನಿನ್ನ ಹೆಸರನ್ನು ಮಾತ್ರ ಮೊಟಕು ಮಾಡಬೇಡ. ಅವರಿಗೆ ನಾಲಿಗೆ ಹೊರಳದಿದ್ದರೆ ಇನ್ನೊಂದು ಸಲ ನಿಧಾನವಾಗಿ ಹೇಳು. ನಮ್ಮ ಗಯಾನಾ ಗೆಳತಿ ಬೆಟಗೇರಿ ಅನ್ನಲಿಕ್ಕೆ ಒಂದು ವಾರ ತೆಗೆದುಕೊಂಡಳು. ಈಗ ಅವಳು ‘ಳ’ಕಾರವನ್ನೂ ಸರಿಯಾಗಿ ಅನ್ನುತ್ತಾಳೆ.

ಇನ್ನೊಂದು ಮಾತು ನಮ್ಮವರ ಬಗ್ಗೆ. ಊರಲ್ಲಿ ಯಾವೂರು ಅಂತ ಕೇಳಿದ ಮೇಲೆ ‘ಯಾರ ಪೈಕಿ?’ ಅಂತ ಬರುತ್ತದಲ್ಲ, ಅದು ಇಲ್ಲಿಯೂ ಬರುತ್ತದೆ. ಕ್ಲಾಸಿನಲ್ಲಿ ಅಲ್ಲ, ನಮ್ಮವರ ಮನೆಗಳ ಹಬ್ಬದೂಟದಲ್ಲಿ. ಅಡ್ಡಹೆಸರು ಕೇಳುತ್ತಾರೆ, ಆಮೇಲೆ ಅವ್ವನ ಕಡೆಯದನ್ನೂ ಕೇಳುತ್ತಾರೆ. ನಿಮ್ಮ ಅಪ್ಪ-ಅವ್ವ ಎಷ್ಟು ಮಾತು ಕೇಳಿ ಮದುವೆ ಆದರು ಅಂತ ನೀನೇ ಬರೆದಿದ್ದೀಯ. ಆ ಪ್ರಶ್ನೆಗೆ ನೀನು ಉತ್ತರ ಕೊಡಬೇಕಿಲ್ಲ. ‘ನಾನು ಹುಬ್ಬಳ್ಳಿಯಾಕಿ’ ಅಂದು ಊಟದ ಕಡೆ ಹೋಗು. ನಾನು ಹಾಗೇ ಮಾಡುತ್ತೇನೆ. ಇದರಲ್ಲಿ ನನಗೆ ಅಳುಕಿಲ್ಲ.

ಹಾಗೆಯೇ ನೀನೂ ಯಾರನ್ನೂ ‘ಇಲ್ಲ, ನಿಜವಾಗಿ ಎಲ್ಲಿಯವರು?’ ಅಂತ ಕೆದಕಬೇಡ. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಆ ಪ್ರಶ್ನೆ ಬಂದಾಗ ಅವಳ ಮುಖ ಸಣ್ಣದಾಗುವುದನ್ನು ನೋಡಿದ್ದೇನೆ.

ಆ ಎರಡು ನಿಮಿಷದ ಮಾತನ್ನು ಮೊದಲು ನನ್ನ ಮುಂದೆ ಹೇಳು. ಇಂಗ್ಲಿಷ್ ತಪ್ಪಾದರೂ ಚಿಂತೆ ಇಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಫೋನ್ ಮಾಡು, ನಮಗೆ ಆಗ ಶನಿವಾರ ರಾತ್ರಿ ಒಂಬತ್ತು. ತಾತ ಯಾವ ವರ್ಷ ಹುಬ್ಬಳ್ಳಿಗೆ ಬಂದರು, ಕೈಯಲ್ಲಿ ಏನು ತಂದಿದ್ದರು ಅಂತ ಅಪ್ಪನನ್ನು ಕೇಳಿಟ್ಟುಕೋ.