ಎರಡೂ ನಾಬ್ ಫುಲ್ ಇದ್ದರೆ ಸುಮ್ಮನಿರುವ ಬೇಸ್, ಒಂದನ್ನು ಇಳಿಸಿದರೆ ಗುಂಯ್‌ಗುಡುವುದೇಕೆ?

ಪ್ರಶ್ನೆ (ಬೀದರ್): ಚರ್ಚಿನ ಬ್ಯಾಂಡ್‌ನ್ಯಾಗ ಬೇಸ್ ಗಿಟಾರ್ ಬಾರಸ್ತೀನ್ರಿ. ಎರಡು ಪಿಕಪ್ ಅವ, ಎರಡಕ್ಕೂ ಬ್ಯಾರೆ ಬ್ಯಾರೆ ವಾಲ್ಯೂಮ್. ಎರಡೂ ಫುಲ್ ಇಟ್ರ ಹಮ್ ಇರಂಗಿಲ್ಲ, ಆದ್ರ ಆವಾಜ್ ತೆಳ್ಳಗಾಗ್ತದ. ಒಂದು ಜರಾ ಕಮ್ಮಿ ಮಾಡಿದ್ರ ಆವಾಜ್ ದಪ್ಪ ಬರ್ತದ, ಜೋಡೀಲೆ ಹಮ್ಮೂ ಬರ್ತದ. ಪಿಕಪ್ ಕೆಟ್ಟದೇನ್ರಿ?

ಉತ್ತರ: ಕೆಟ್ಟಿಲ್ಲ, ಹೊಸ ಪಿಕಪ್‌ಗೆ ದುಡ್ಡು ಹಾಕಬೇಡಿ. ನಿಮ್ಮದು ಫೆಂಡರ್ ಕಂಪನಿ 1960ರಲ್ಲಿ ತಂದ ಜಾಝ್ ಬೇಸ್ ಮಾದರಿ. ಪಿಕಪ್ ಅಂದರೆ ಸ್ಟ್ರಿಂಗ್‌ನ ಕುಣಿತವನ್ನು ಕರೆಂಟಾಗಿಸುವ ಅಯಸ್ಕಾಂತ, ಅದರ ಸುತ್ತ ತಂತಿಯ ಕಾಯಿಲ್. ನಿಮ್ಮದರಲ್ಲಿ ಒಂದು ಪಿಕಪ್‌ನ ಕಾಯಿಲ್ ಸುತ್ತಿದ ದಿಕ್ಕು ಇನ್ನೊಂದಕ್ಕೆ ಉಲ್ಟಾ, ಅಯಸ್ಕಾಂತದ ಧ್ರುವವೂ ಉಲ್ಟಾ. ಆಂಪ್ಲಿಫೈಯರ್ (ಆಂಪ್) ಒಳಗಿನ ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟ್ ಚೋಕ್, ಗೋಡೆಯೊಳಗಿನ ವೈರು ಎಬ್ಬಿಸುವ 50 ಹರ್ಟ್ಸ್ ಹಮ್‌ಗೆ ಲೆಕ್ಕ ಕಾಯಿಲ್‌ನ ದಿಕ್ಕು ಮಾತ್ರ. ಹಾಗಾಗಿ ಎರಡು ಪಿಕಪ್‌ನ ಹಮ್ ಒಂದನ್ನೊಂದು ಹೊಡೆದುಹಾಕುತ್ತವೆ. ಸ್ಟ್ರಿಂಗ್‌ನ ಸ್ವರಕ್ಕೆ ಕಾಯಿಲ್ ಮತ್ತು ಧ್ರುವ ಎರಡೂ ಲೆಕ್ಕ. ಎರಡು ಸಲ ಉಲ್ಟಾ ಆದರೆ ಸುಲ್ಟಾ, ಸ್ವರ ಕೂಡಿಕೊಳ್ಳುತ್ತದೆ. ಒಂದು ನಾಬ್ ಇಳಿಸಿದಿರೋ, ತಕ್ಕಡಿಯ ಒಂದು ತಟ್ಟೆ ಹಗುರಾಯಿತು.

ಆವಾಜ್ ತೆಳ್ಳಗಾಗುವುದು ಬೇರೆ ಕಾರಣಕ್ಕೆ. ಸ್ಟ್ರಿಂಗ್ ಎರಡು ಪಿಕಪ್ ಮೇಲೆ ಒಂದೇ ಥರ ಕುಣಿಯುವುದಿಲ್ಲ. ಕೆಲವು ಮೇಲ್ಸ್ವರಗಳು ನೆಕ್ ಪಿಕಪ್ (ಗಿಟಾರಿನ ಕುತ್ತಿಗೆ ಕಡೆಯದು) ಮೇಲೆ ಏರುವಾಗ ಬ್ರಿಜ್ ಪಿಕಪ್ (ಸ್ಟ್ರಿಂಗ್ ಕೂರುವ ಬುಡದ ಪಟ್ಟಿಯ ಕಡೆಯದು) ಮೇಲೆ ಇಳಿಯುತ್ತಿರುತ್ತವೆ, ಅಲ್ಲಿ ಮಿಡ್ ಅಂದರೆ ನಡುವಿನ ಸ್ವರ ಕರಗುತ್ತದೆ. ಪಿಕಪ್‌ಗಳ ವೈರು ಪ್ಯಾರಲಲ್ ಆಗಿ ಸೇರಿರುವುದರಿಂದ ಎರಡು ಸೇರಿದರೂ ದನಿ ದುಪ್ಪಟ್ಟಾಗುವುದಿಲ್ಲ.

ಪರಿಹಾರ ನಾಬ್‌ನಲ್ಲಿಲ್ಲ, ಪಿಕಪ್‌ನ ಸ್ಕ್ರೂನಲ್ಲಿದೆ. ಕೊನೇ ಫ್ರೆಟ್ ಒತ್ತಿ ಹಿಡಿದು ಸ್ಟ್ರಿಂಗ್‌ಗೂ ಪಿಕಪ್‌ನ ಪೋಲ್‌ಗೂ (ಮೇಲೆ ಕಾಣುವ ಲೋಹದ ಗುಂಡಿಗೂ) ನಡುವಿನ ಸಂದು ಅಳೆಯಿರಿ. ದಪ್ಪ ಇ ಸ್ಟ್ರಿಂಗ್ ಕಡೆ ಸುಮಾರು 3 ಮಿ.ಮೀ., ಜಿ ಕಡೆ 2.5 ಮಿ.ಮೀ.ಗೆ ಇಟ್ಟು ಶುರುಮಾಡಿ. ಬ್ರಿಜ್ ಹತ್ತಿರ ಸ್ಟ್ರಿಂಗ್ ಕಡಿಮೆ ಕುಣಿಯುವುದರಿಂದ, ಎರಡರ ದನಿ ಸಮ ಬೇಕೆಂದರೆ ಆ ಪಿಕಪ್ಪನ್ನು ಕಾಲು ಸುತ್ತು, ಕಾಲು ಸುತ್ತು ಅಂತ ಮೇಲೆತ್ತಿ. ಸಮಕ್ಕಿಂತ ದಪ್ಪ ದನಿಯೇ ಬೇಕೆಂದರೆ ಅದನ್ನೇ ಸ್ವಲ್ಪ ತಗ್ಗಿಸಿ. ಪಿಕಪ್ ಎಷ್ಟೇ ಏರಲಿ ಇಳಿಯಲಿ, ಕಾಯಿಲ್ ಹಿಡಿಯುವ ಹಮ್ ಬದಲಾಗುವುದಿಲ್ಲ. ನಾಬ್‌ಗಳು ಫುಲ್ ಇದ್ದೇ ಸ್ವರದ ಪಾಲು ಬದಲಾಗುತ್ತದೆ. ತೀರಾ ಹತ್ತಿರ ತಂದರೆ ಮಾತ್ರ ಅಯಸ್ಕಾಂತ ಸ್ಟ್ರಿಂಗನ್ನು ಎಳೆದು ಸ್ವರ ಓಲಾಡುತ್ತದೆ, ಬೇಗ ಸಾಯುತ್ತದೆ.

ಒಳಗೆ ತಾಮ್ರದ ಫಾಯಿಲ್ ಅಂಟಿಸು ಎಂದು ಯಾರಾದರೂ ಹೇಳಿರಬಹುದು. ಫಾಯಿಲ್ ತಡೆಯುವುದು ಚರ್‌ಚರ್ ಎನ್ನುವ ಬಜ್ ಅನ್ನು. ನಿಮ್ಮದು ಆಯಸ್ಕಾಂತಿಕ ಹಮ್. ಫಾಯಿಲ್ ಅದಕ್ಕೆ ಏನೂ ಮಾಡದು. ನಿಂತಲ್ಲೇ 90 ಡಿಗ್ರಿ ತಿರುಗಿ ನೋಡಿ, ಹಮ್ ಏರಿಳಿದರೆ ಅದೇ ಎಂದು ತಿಳಿಯಿರಿ.

ಪ್ರಶ್ನೆ (ಕಲಬುರಗಿ): ಒಂದು ಪಿಕಪ್ ಬದಲಿಸಿದ ಮೇಲೆ ಎರಡೂ ಫುಲ್ ಇದ್ದರೂ ಹಮ್ ಹೋಗುತ್ತಿಲ್ಲ. ಹೊಸದರ ಎರಡು ವೈರು ಅದಲುಬದಲು ಮಾಡಿದೆ. ಹಮ್ ಹೋಯಿತು, ಜೊತೆಗೆ ಬೇಸ್ ದನಿಯೂ ಹೋಯಿತು!

ಉತ್ತರ: ಹಳೆಯದೂ ಹೊಸದೂ ಒಂದೇ ದಿಕ್ಕಿನ ಸುತ್ತು, ಒಂದೇ ಧ್ರುವ. ವೈರು ತಿರುಗಿಸಿದರೆ ಹಮ್ ಜೊತೆ ಸ್ವರವೂ ಹೊಡೆದುಹೋಗುತ್ತದೆ. ಸಾಮಾನ್ಯ ದಿಕ್ಸೂಚಿಯನ್ನು ಒಂದೊಂದೇ ಪಿಕಪ್ ಮೇಲೆ ಹಿಡಿಯಿರಿ: ಒಂದರ ಮೇಲೆ ಸೂಜಿಯ ಉತ್ತರ ತುದಿ ವಾಲಿದರೆ ಇನ್ನೊಂದರ ಮೇಲೆ ದಕ್ಷಿಣ ತುದಿ ವಾಲಬೇಕು. ಎರಡರಲ್ಲೂ ಒಂದೇ ತುದಿ ವಾಲಿದರೆ ಧ್ರುವವನ್ನೂ ತಿರುಗಿಸಲೇಬೇಕು.

ಹೊಸದು ಕೆಳಗೆ ಪಟ್ಟಿ ಅಯಸ್ಕಾಂತ ಅಂಟಿಸಿದ ಅಗ್ಗದ ಪಿಕಪ್ ಆಗಿದ್ದರೆ ಕೆಲಸ ಸುಲಭ. ಪಟ್ಟಿಯನ್ನು ಮೆಲ್ಲಗೆ ಬಿಡಿಸಿ, ಮಗುಚಿ ಅಂಟಿಸಿ, ಅದಲುಬದಲು ಮಾಡಿದ ವೈರು ಹಾಗೇ ಇರಲಿ. ಪೋಲ್‌ಗಳೇ ಅಯಸ್ಕಾಂತದ ಕಡ್ಡಿಗಳಾಗಿದ್ದರೆ ತಳ್ಳಲು ಹೋಗಬೇಡಿ. ಕೂದಲಿಗಿಂತ ತೆಳು ತಂತಿಯನ್ನು ಅವುಗಳ ಮೇಲೆಯೇ ಸುತ್ತಿರುತ್ತಾರೆ, ಕಡ್ಡಿ ಜರುಗಿತೆಂದರೆ ತಂತಿ ತುಂಡಾಗಬಹುದು. ಆಗ ನೆಕ್-ಬ್ರಿಜ್ ಜೋಡಿಯನ್ನೇ ಕೊಳ್ಳುವುದು ಲೇಸು.

ಪ್ರಶ್ನೆ (ಯಾದಗಿರಿ): ಸ್ಟ್ರಿಂಗ್ ಮುಟ್ಟಿದರೆ ಬಜ್ ಕಡಿಮೆ ಆಗುತ್ತದೆ, ಆದರೆ ಬ್ಯಾಸಿಗಿ ಕಾರ್ಯಕ್ರಮದಲ್ಲಿ ಮೈಕ್‌ಗೆ ತುಟಿ ತಾಗಿದರೆ ಜುಮ್ ಅನ್ನುತ್ತದೆ.

ಉತ್ತರ: ಬಜ್ ಕಡಿಮೆ ಆಗುತ್ತದೆಂದರೆ ಬ್ರಿಜ್‌ನ ಗ್ರೌಂಡ್ ವೈರು ಸರಿಯಿದೆ. ನಿಮ್ಮ ಮೈಯೇ ಆಂಟೆನಾ ಆಗಿತ್ತು, ಮುಟ್ಟಿದಾಗ ಗ್ರೌಂಡ್ ಆಯಿತು. ಖಾತ್ರಿಗೆ ಮಲ್ಟಿಮೀಟರ್‌ನಲ್ಲಿ ಬ್ರಿಜ್‌ನಿಂದ ಜ್ಯಾಕ್‌ನ ಹೊರಭಾಗಕ್ಕೆ ಅಳೆಯಿರಿ. 1-2 ಓಮ್ ಮೀರಬಾರದು. ತಾಮ್ರದ ಫಾಯಿಲ್ ಕೆಲಸಕ್ಕೆ ಬರುವುದು ಇಲ್ಲಿ. ಆದರೆ ಅದನ್ನು ಬೆಸುಗೆ ಹಾಕಿ ಗ್ರೌಂಡ್‌ಗೆ ಸೇರಿಸಿರಬೇಕು.

ಜುಮ್ ಅನ್ನುವುದು ಬೇಸ್‌ನ ದೋಷವಲ್ಲ, ಅರ್ಥಿಂಗ್‌ನದು, ಜೀವಕ್ಕೇ ಅಪಾಯ. ಅದು ಸರಿಯಾಗುವವರೆಗೆ ನುಡಿಸಬೇಡಿ. ಕರಿ ಎರೆ ನೆಲ ಬ್ಯಾಸಿಗಿಯಲ್ಲಿ ಬಿರಿದು ಅರ್ಥಿಂಗ್ ರಾಡ್‌ನಿಂದ ದೂರ ಸರಿಯುತ್ತದೆ. ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಕೈಲಿ ನ್ಯೂಟ್ರಲ್-ಅರ್ಥ್ ವೋಲ್ಟೇಜ್ ಅಳೆಸಿ. ಒಂದೆರಡು ವೋಲ್ಟ್ ಇದ್ದರೆ ಸರಿ, ಹತ್ತಾರು ವೋಲ್ಟ್ ತೋರಿಸಿದರೆ ಆ ಬೋರ್ಡಿಗೆ ಏನನ್ನೂ ಚುಚ್ಚಬೇಡಿ. ಆಂಪ್, ಮೈಕ್‌ನ ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡ್‌ನಿಂದ ಕರೆಂಟ್ ತೆಗೆಯಿರಿ. ಹಮ್ ಹೋಗಲೆಂದು ಪ್ಲಗ್‌ನ ಮೂರನೇ ಪಿನ್, ಅಂದರೆ ಅರ್ಥ್ ಪಿನ್, ಮುರಿಯುವವರಿದ್ದಾರೆ. ಅವರ ಕೈಗೆ ನಿಮ್ಮ ಆಂಪ್ ಕೊಡಬೇಡಿ.