ಹತ್ತು ಗೋಲು, ಒಂದು ಅಂಕ

ಫುಟ್‌ಬಾಲಿನ ಒಂದೇ ಲೀಗ್ ಪಂದ್ಯದಲ್ಲಿ ಒಬ್ಬನೇ ಆಟಗಾರ ಹತ್ತು ಗೋಲು ಹೊಡೆದ ಇಂಗ್ಲೆಂಡಿನ ದಾಖಲೆಯನ್ನು ಕುರಿತು ಹಿಂದೆ ಈ ಪುಟದಲ್ಲಿ ನಾಲ್ಕು ಸಾಲಿನ ಟಿಪ್ಪಣಿಯೊಂದು ಬಂದಿತ್ತು. ಅದನ್ನು ಓದಿದ ಹಲವರು ಹೆಚ್ಚಿನ ವಿವರ ಕೇಳಿ ಬರೆದಿದ್ದಾರೆ. ಎಲ್ಲರ ಕುತೂಹಲವೂ ಲೂಟನ್ ಟೌನ್ ಎಂಬ ಒಂದೇ ಕ್ಲಬ್ಬಿನ ಸುತ್ತ ಇರುವುದರಿಂದ, ಈ ಬಾರಿಯ ಉತ್ತರಗಳನ್ನೆಲ್ಲ ಆ ಕ್ಲಬ್ಬಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಹತ್ತು ಗೋಲು ಹೊಡೆದ ಜೋ ಪೇನ್ ಅಂದು ನಿಜವಾಗಿಯೂ ಬದಲಿ ಆಟಗಾರನಾಗಿದ್ದನೇ? ಅವನು ಯಾರು? (ಮಂಗಳೂರಿನ ಓದುಗರು)

ಉತ್ತರ: ಆಟದ ನಡುವೆ ಮೈದಾನಕ್ಕಿಳಿಯುವ ಬದಲಿ ಆಟಗಾರ ಎಂಬ ಅರ್ಥದಲ್ಲಿ ಅಲ್ಲ. ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಅಂತಹ ಬದಲಾವಣೆಗೆ ಅವಕಾಶ ದೊರೆತದ್ದು 1965ರಲ್ಲಿ. ಅಲ್ಲಿಯವರೆಗೆ ಹನ್ನೊಂದು ಮಂದಿಯಲ್ಲಿ ಒಬ್ಬನ ಕಾಲು ಮುರಿದರೂ ಉಳಿದ ಹತ್ತು ಮಂದಿಯೇ ಆಟ ಮುಗಿಸಬೇಕಿತ್ತು. ಪೇನ್ ಅಂದು ಮೊದಲ ನಿಮಿಷದಿಂದಲೇ ಆಡಿದ. ಆದರೆ ಆ ಸ್ಥಾನ ಅವನದಾಗಿರಲಿಲ್ಲ ಎಂಬುದು ನಿಜ.

ಪೇನ್ ಹುಟ್ಟಿದ್ದು 1914ರಲ್ಲಿ, ಡರ್ಬಿಶೈರಿನ ಚೆಸ್ಟರ್‌ಫೀಲ್ಡ್ ಪಟ್ಟಣದ ಬಳಿಯ ಬ್ರಿಮಿಂಗ್ಟನ್‌ನಲ್ಲಿ. ಅದು ಕಲ್ಲಿದ್ದಲ ಗಣಿಗಳ ಸೀಮೆ. ಅವನೂ ಗಣಿ ಕಾರ್ಮಿಕನೇ ಆಗಿದ್ದು, ಬೋಲ್ಸೋವರ್ ಗಣಿಯ ತಂಡದಲ್ಲಿ ಆಡುತ್ತಿದ್ದವನು 1934ರಲ್ಲಿ ಲೂಟನ್ ಸೇರಿದ. ಲಂಡನ್ನಿನಿಂದ ಉತ್ತರಕ್ಕೆ ಸುಮಾರು ಮೂವತ್ತು ಮೈಲಿ ದೂರದ ಲೂಟನ್, ಹುಲ್ಲಿನ ಟೋಪಿಗಳ ತಯಾರಿಕೆಗೆ ಹೆಸರಾದ ಊರು. ಅಲ್ಲಿನ ತಂಡವನ್ನು ಜನ ಇಂದಿಗೂ 'ಹ್ಯಾಟರ್ಸ್', ಅಂದರೆ ಟೋಪಿ ತಯಾರಕರು ಎಂದೇ ಕರೆಯುತ್ತಾರೆ. ಈ ಕ್ಲಬ್ಬಿನಲ್ಲಿ ಪೇನ್ ಮೈದಾನದ ನಡುಭಾಗದಲ್ಲಿ ಆಡುವ ಹಾಫ್‌ಬ್ಯಾಕ್ ಸ್ಥಾನದ ಮೀಸಲು ಆಟಗಾರನಾಗಿದ್ದ. ಕೆಲಕಾಲ ಅವನನ್ನು ಬಿಗಲ್ಸ್‌ವೇಡ್ ಎಂಬ ಚಿಕ್ಕ ಊರಿನ ತಂಡಕ್ಕೆ ಎರವಲಾಗಿಯೂ ಕಳಿಸಿದ್ದರು.

1936ರ ಈಸ್ಟರ್ ಹಬ್ಬ ಏಪ್ರಿಲ್ 12ರಂದು ಬಂದಿತ್ತು. ಹಬ್ಬದ ರಜೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹಲವು ಪಂದ್ಯಗಳನ್ನು ಆಡಿಸುವುದು ಆಗಿನ ರೂಢಿ. ಕಾರ್ಖಾನೆಗಳಿಗೆ ರಜೆ ಇರುತ್ತಿದ್ದ ಆ ದಿನಗಳಲ್ಲಿ ಬಾಗಿಲ ಹಣ, ಅಂದರೆ ಪ್ರೇಕ್ಷಕರ ಟಿಕೆಟ್ ಹಣ, ಚೆನ್ನಾಗಿ ಬರುತ್ತಿತ್ತು, ಆದರೆ ಆಟಗಾರರ ಮೈ ಹಣ್ಣಾಗುತ್ತಿತ್ತು. ಮುಂದಿನ ಸಾಲಿನ ನಡುವೆ ನಿಂತು ಗೋಲು ಹೊಡೆಯಬೇಕಾದ, ಲೂಟನ್ನಿನ ಸೆಂಟರ್ ಫಾರ್ವರ್ಡ್‌ಗಳಾದ ಬಿಲ್ ಬಾಯ್ಡ್ ಮತ್ತು ಜಾಕ್ ಬಾಲ್ ಇಬ್ಬರೂ ಗಾಯಗೊಂಡಿದ್ದರು. ಹೀಗಾಗಿ 13ರ ಸೋಮವಾರ, ಕೆನಿಲ್‌ವರ್ತ್ ರೋಡ್ ಮೈದಾನದಲ್ಲಿ ಬ್ರಿಸ್ಟಲ್ ರೋವರ್ಸ್ ವಿರುದ್ಧ ಆಡಲು ಇಪ್ಪತ್ತೆರಡು ವರ್ಷದ ಪೇನ್‌ನನ್ನು ಆ ಸ್ಥಾನದಲ್ಲಿ ನಿಲ್ಲಿಸಲಾಯಿತು. ಅವನು ಮೊದಲರ್ಧದಲ್ಲಿ ಮೂರು, ಎರಡನೆಯ ಅರ್ಧದಲ್ಲಿ ಏಳು ಗೋಲು ಹೊಡೆದ. ಲೂಟನ್ 12–0 ಅಂತರದಿಂದ ಗೆದ್ದಿತು. ಫುಟ್‌ಬಾಲ್ ಲೀಗಿನಲ್ಲಿ ಒಬ್ಬ ಆಟಗಾರ ಒಂದು ಪಂದ್ಯದಲ್ಲಿ ಹೊಡೆದ ಗೋಲುಗಳ ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. 'ಟೆನ್ ಗೋಲ್ ಪೇನ್' ಎಂಬ ಹೆಸರು ಅವನಿಗೆ ಕೊನೆಯವರೆಗೂ ಉಳಿಯಿತು.

ಪ್ರಶ್ನೆ: ಹನ್ನೆರಡು ಗೋಲು ಹೊಡೆಯಬಲ್ಲ ತಂಡ ಆ ವರ್ಷ ಮೇಲಿನ ಡಿವಿಷನ್‌ಗೆ ಏರಲಿಲ್ಲ ಎಂದು ನಿಮ್ಮ ಟಿಪ್ಪಣಿಯಲ್ಲಿತ್ತು. ಇದು ಹೇಗೆ ಸಾಧ್ಯ? (ಧಾರವಾಡದ ಓದುಗರು)

ಉತ್ತರ: ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಪ್ರಶ್ನೆ ಇದು. ಹತ್ತು ಗೋಲುಗಳ ಕಥೆಯನ್ನು ಹೇಳುವವರು ಅದು ಎಂತಹ ಋತುವಿನ (ಲೀಗ್ ಪಂದ್ಯಗಳ ವರ್ಷದ) ನಡುವೆ ನಡೆಯಿತು ಎಂಬುದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

1921ರಿಂದ ಇಂಗ್ಲೆಂಡಿನ ಲೀಗಿನ ಮೂರನೆಯ ಡಿವಿಷನ್, ಅಂದರೆ ಮೂರನೆಯ ದರ್ಜೆ, ದಕ್ಷಿಣ ಮತ್ತು ಉತ್ತರ ಎಂದು ಎರಡು ಹೋಳಾಗಿತ್ತು. ಒಂದೊಂದು ಭಾಗದಿಂದಲೂ ಪಟ್ಟಿಯ ತುದಿಯಲ್ಲಿರುವ ಒಂದೇ ತಂಡ ಎರಡನೆಯ ಡಿವಿಷನ್‌ಗೆ ಏರುತ್ತಿತ್ತು. ಎರಡನೆಯ ಸ್ಥಾನಕ್ಕೆ ಏನೂ ಇರಲಿಲ್ಲ, ಇಂದಿನಂತೆ ಪ್ಲೇ ಆಫ್ ಎಂಬ ಎರಡನೆಯ ಅವಕಾಶವೂ ಇರಲಿಲ್ಲ. ಈ ನಿಯಮ ಎಷ್ಟು ನಿರ್ದಯವಾಗಿತ್ತು ಎಂಬುದನ್ನು ಪ್ಲಿಮತ್ ಆರ್ಗೈಲ್ ತಂಡದವರನ್ನು ಕೇಳಬೇಕಿತ್ತು: 1921–22ರಿಂದ 1926–27ರವರೆಗೆ, ಸತತ ಆರು ಋತುಗಳಲ್ಲಿ ಅವರು ದಕ್ಷಿಣ ಭಾಗದಲ್ಲಿ ಎರಡನೆಯವರಾಗಿಯೇ ಉಳಿದು, ಕೊನೆಗೆ 1930ರಲ್ಲಿ ಮೇಲೇರಿದರು. ಕೆಳತುದಿಯ ಎರಡು ತಂಡಗಳ ಪಾಡು ಇನ್ನೂ ಕಷ್ಟದ್ದು. ಲೀಗಿನಲ್ಲಿ ಉಳಿಯಬೇಕಾದರೆ ಅವು ಮತ್ತೆ ಅರ್ಜಿ ಹಾಕಿ, ಇತರ ಕ್ಲಬ್ಬುಗಳ ಮತಕ್ಕಾಗಿ ಕಾಯಬೇಕಿತ್ತು.

ಲೂಟನ್ ಇದ್ದ ದಕ್ಷಿಣ ಭಾಗದ 1935–36ರ ಅಂಕಪಟ್ಟಿಯನ್ನು ನೋಡಿ. 42 ಪಂದ್ಯಗಳಲ್ಲಿ ಕವೆಂಟ್ರಿ ಸಿಟಿ 24 ಗೆದ್ದು, 9 ಸಮ ಮಾಡಿಕೊಂಡು, 9 ಸೋತಿತು. ಲೂಟನ್ 22 ಗೆದ್ದು, 12 ಸಮ ಮಾಡಿಕೊಂಡು, 8 ಸೋತಿತು. ಗೆಲುವಿಗೆ ಎರಡು ಅಂಕ, ಸಮಕ್ಕೆ ಒಂದು ಎಂಬ ಆಗಿನ ಲೆಕ್ಕದಲ್ಲಿ ಕವೆಂಟ್ರಿಗೆ 57, ಲೂಟನ್ನಿಗೆ 56. ಇಬ್ಬರೂ ಬಿಟ್ಟುಕೊಟ್ಟ ಗೋಲುಗಳು ಸಮಸಮ, ತಲಾ 45. ಸೋಲು ಲೂಟನ್ನಿಗೇ ಕಡಿಮೆ. ಆದರೂ ಒಂದೇ ಒಂದು ಅಂಕದಿಂದ ಅದು ಇನ್ನೊಂದು ವರ್ಷ ಕೆಳಗೇ ಉಳಿಯಬೇಕಾಯಿತು.

ವ್ಯತ್ಯಾಸ ಇರುವುದು ಹೊಡೆದ ಗೋಲುಗಳಲ್ಲಿ. ಕವೆಂಟ್ರಿಯವು 102, ಲೂಟನ್ನಿನವು 81. ಆ 81ರಲ್ಲಿ ಹನ್ನೆರಡು ಬಂದದ್ದು ಈಸ್ಟರ್ ಸೋಮವಾರದ ಆ ತೊಂಬತ್ತು ನಿಮಿಷಗಳಲ್ಲಿ. ಅವನ್ನು ಕಳೆದರೆ ಉಳಿದ 41 ಪಂದ್ಯಗಳಿಗೆ 69 ಗೋಲು, ಅಂದರೆ ಪಂದ್ಯಕ್ಕೆ ಎರಡೂ ತುಂಬುವುದಿಲ್ಲ. ಲೂಟನ್ನಿನ ಹಿಂಬದಿ ಕವೆಂಟ್ರಿಯಷ್ಟೇ ಭದ್ರವಾಗಿತ್ತು, ಕೊರತೆ ಇದ್ದದ್ದು ಮುಂದಿನ ಸಾಲಿನಲ್ಲಿ. ಸಮವಾದ ಹನ್ನೆರಡು ಪಂದ್ಯಗಳಲ್ಲಿ ಯಾವುದಾದರೂ ಎರಡರಲ್ಲಿ ಇನ್ನೊಂದೊಂದು ಗೋಲು ಬಿದ್ದಿದ್ದರೂ ಲೂಟನ್ 58 ಅಂಕಗಳೊಂದಿಗೆ ಮೊದಲನೆಯದಾಗುತ್ತಿತ್ತು. 12–0 ಗೆದ್ದರೂ ಎರಡೇ ಅಂಕ, 1–0 ಗೆದ್ದರೂ ಎರಡೇ ಅಂಕ. ಆ ಗೋಲುಗಳನ್ನು ಕೂಡಿಟ್ಟು ಬೇರೆ ಶನಿವಾರಗಳಿಗೆ ಹಂಚಲು ಬರುವಂತಿದ್ದರೆ ಎಂದು ಟೋಪಿ ಊರಿನ ಜನ ಅಂದುಕೊಂಡಿರಲಾರರೇ? ಅಂಕಪಟ್ಟಿಯನ್ನು ನೋಡಿದಾಗಲೆಲ್ಲ ನನಗೆ ಹಾಗೆಯೇ ಅನಿಸುತ್ತದೆ.

ಪ್ರಶ್ನೆ: ಆ ಕಾಲದ ರಕ್ಷಣಾ ಆಟವೇ ದುರ್ಬಲವಾಗಿದ್ದುದರಿಂದ ಇಷ್ಟು ಗೋಲುಗಳು ಬರುತ್ತಿದ್ದವೇ? (ಬೆಂಗಳೂರಿನ ಗೌತಮಪುರದ ಓದುಗರು)

ಉತ್ತರ: ದುರ್ಬಲ ಎನ್ನುವುದಕ್ಕಿಂತ, ನಿಯಮ ಬದಲಾಗಿತ್ತು ಎನ್ನುವುದು ಸರಿ. 1925ರವರೆಗೆ ಚೆಂಡು ಮುಂದಕ್ಕೆ ಬರುವಾಗ ಆಕ್ರಮಣಕಾರನಿಗೂ ಗೋಲು ಗೆರೆಗೂ ನಡುವೆ ಎದುರಾಳಿಗಳು ಮೂವರಾದರೂ ಇರಬೇಕಿತ್ತು, ಇಲ್ಲದಿದ್ದರೆ ಆಫ್‌ಸೈಡ್. ಆ ವರ್ಷ ಮೂವರನ್ನು ಇಬ್ಬರಿಗೆ ಇಳಿಸಲಾಯಿತು. ಪರಿಣಾಮವಾಗಿ ಮೊದಲ ಡಿವಿಷನ್ ಒಂದರಲ್ಲೇ ಋತುವಿನ ಗೋಲುಗಳು 1,192ರಿಂದ 1,703ಕ್ಕೆ ಜಿಗಿದವು. ಅದುವರೆಗೆ ಮೈದಾನದ ನಡುವೆ ಓಡಾಡಿಕೊಂಡಿದ್ದ ಸೆಂಟರ್ ಹಾಫ್ ಕ್ರಮೇಣ ಹಿಂದೆ ಸರಿದು ಮೂರನೆಯ ಬ್ಯಾಕ್, ಅಂದರೆ ರಕ್ಷಣಾ ಆಟಗಾರ, ಆದ. ಆದರೂ 1930ರ ದಶಕದ ಉದ್ದಕ್ಕೂ ಗೋಲುಗಳ ಸುಗ್ಗಿ ನಿಲ್ಲಲಿಲ್ಲ.

ಪೇನ್ ಮುರಿದ ದಾಖಲೆಗೂ ನಾಲ್ಕು ತಿಂಗಳು ತುಂಬಿರಲಿಲ್ಲ. 1935ರ ಡಿಸೆಂಬರ್ 26ರಂದು, ಮೂರನೆಯ ಡಿವಿಷನ್ನಿನ ಉತ್ತರ ಭಾಗದಲ್ಲಿ ಟ್ರಾನ್ಮಿಯರ್ ರೋವರ್ಸ್ ಓಲ್ಡಮ್ ಅಥ್ಲೆಟಿಕ್ ತಂಡವನ್ನು 13–4ರಿಂದ ಸೋಲಿಸಿದಾಗ ಬನ್ನಿ ಬೆಲ್ ಒಂಬತ್ತು ಗೋಲು ಹೊಡೆದು, ಒಂದು ಪೆನಾಲ್ಟಿಯನ್ನು ಕೈಚೆಲ್ಲಿದ್ದ. ಅದಕ್ಕೆ ಹಿಂದಿನ ದಿನ, ಕ್ರಿಸ್‌ಮಸ್ಸಿನಂದು, ಅದೇ ಓಲ್ಡಮ್ ಅದೇ ಟ್ರಾನ್ಮಿಯರನ್ನು 4–1ರಿಂದ ಸೋಲಿಸಿತ್ತು. ಒಂದು ರಾತ್ರಿಯಲ್ಲಿ ಓಲ್ಡಮ್ಮಿನ ರಕ್ಷಣಾ ಆಟಗಾರರು ಆಟ ಮರೆತರು ಎಂದು ಹೇಳಲಾಗದು. ಬಿಡುವಿಲ್ಲದ ಹಬ್ಬದ ಪಂದ್ಯಗಳು ಮತ್ತು ಬದಲಿ ಆಟಗಾರರಿಲ್ಲದ ನಿಯಮ ಸೇರಿ, ದಣಿದ ತಂಡವೊಂದು ಒಮ್ಮೆ ಕುಸಿಯತೊಡಗಿದರೆ ಅದನ್ನು ಎತ್ತಿ ನಿಲ್ಲಿಸುವ ದಾರಿಯೇ ಇರಲಿಲ್ಲ ಎಂಬುದು ನನ್ನ ತಿಳಿವಳಿಕೆ. ಎರಡು ದಾಖಲೆಗಳೂ ಹಬ್ಬದ ರಜೆಯಲ್ಲೇ ಬಂದದ್ದನ್ನು ಆಕಸ್ಮಿಕವೆಂದು ನಾನು ಭಾವಿಸುವುದಿಲ್ಲ.

ಪ್ರಶ್ನೆ: ಇಂತಹ ಆಟಗಾರರಿಗೆ ಸಂಬಳ ಎಷ್ಟಿತ್ತು? (ಹಾಸನದ ಓದುಗರು)

ಉತ್ತರ: ಲೀಗ್ ವಿಧಿಸಿದ್ದ ಗರಿಷ್ಠ ಮಿತಿ ಋತುವಿನಲ್ಲಿ ವಾರಕ್ಕೆ ಎಂಟು ಪೌಂಡ್, ಬೇಸಿಗೆಯ ಬಿಡುವಿನಲ್ಲಿ ಆರು. ಹತ್ತು ಗೋಲು ಹೊಡೆದವನಿಗೂ ಅದನ್ನು ಮೀರಿದ ವಾರದ ಕೂಲಿ ಕೊಡುವಂತಿರಲಿಲ್ಲ.

ಪ್ರಶ್ನೆ: ಆ ಋತುವಿನಲ್ಲಿ ಯಾರು ಯಾರೊಂದಿಗೆ ಆಡುತ್ತಾರೆ ಎಂಬುದನ್ನೇ ಗುಟ್ಟಾಗಿಟ್ಟಿದ್ದರು ಎಂದು ಕೇಳಿದ್ದೇನೆ. ನಿಜವೇ? (ಮೈಸೂರಿನ ಓದುಗರು)

ಉತ್ತರ: ನಿಜ, ಅದೂ ಎರಡು ಶನಿವಾರ. ಪಂದ್ಯಗಳ ಫಲಿತಾಂಶದ ಮೇಲೆ ಪಣ ಕಟ್ಟಿಸುತ್ತಿದ್ದ 'ಪೂಲ್ಸ್' ಕಂಪನಿಗಳ ವ್ಯಾಪಾರವನ್ನು ನಿಲ್ಲಿಸಬೇಕೆಂದು ಲೀಗಿನ ಆಡಳಿತ, 1936ರ ಫೆಬ್ರವರಿ ಕೊನೆಯಲ್ಲಿ ಮತ್ತು ಮಾರ್ಚ್ ಆರಂಭದಲ್ಲಿ, ಪ್ರಕಟವಾಗಿದ್ದ ವೇಳಾಪಟ್ಟಿಯನ್ನು ಬದಿಗಿಟ್ಟು ಎದುರಾಳಿಗಳ ಹೆಸರನ್ನು ಕೊನೆಯ ಗಳಿಗೆಯವರೆಗೆ ಮುಚ್ಚಿಟ್ಟಿತು. ಎದುರಾಳಿ ಯಾರೆಂದು ತಿಳಿಯದೆ ಪ್ರೇಕ್ಷಕರೂ ಕಡಿಮೆಯಾದರು, ಕ್ಲಬ್ಬುಗಳು ಸಿಡಿದೆದ್ದವು, ಯೋಜನೆ ಅಲ್ಲಿಗೇ ಬಿದ್ದುಹೋಯಿತು. ಬಾಗಿಲ ಹಣವನ್ನೇ ನಂಬಿ ಬದುಕುವ ಕೆಳ ಡಿವಿಷನ್ನಿನ ಕ್ಲಬ್ಬುಗಳ ಮೇಲೆ ಇಂತಹ ಪ್ರಯೋಗ ನಡೆಸಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಪೇನ್ ಒಂದು ದಿನದ ಅದೃಷ್ಟವಂತ ಅಷ್ಟೆಯೇ? ಮುಂದೆ ಏನಾದ? (ಶಿವಮೊಗ್ಗದ ಓದುಗರು)

ಉತ್ತರ: ಖಂಡಿತ ಅಲ್ಲ. ಅವನ ನಿಜವಾದ ಸಾಧನೆ ಆ ಸೋಮವಾರದ್ದಲ್ಲ, ಅದರ ಮುಂದಿನ ವರ್ಷದ್ದು ಎಂದು ನಾನು ಹೇಳುತ್ತೇನೆ. 1936–37ರಲ್ಲಿ ಸೆಂಟರ್ ಫಾರ್ವರ್ಡ್ ಸ್ಥಾನ ಅವನದೇ ಆಯಿತು. 39 ಲೀಗ್ ಪಂದ್ಯಗಳಲ್ಲಿ 55 ಗೋಲು ಹೊಡೆದ. ತಂಡದ ಒಟ್ಟು ಗೋಲುಗಳು 103, ಅರ್ಧಕ್ಕಿಂತ ಹೆಚ್ಚು ಅವನೊಬ್ಬನವು. ಅದೇ ಋತುವಿನಲ್ಲಿ ಉತ್ತರ ಭಾಗದಲ್ಲಿ ಮ್ಯಾನ್ಸ್‌ಫೀಲ್ಡ್ ಟೌನ್‌ನ ಟೆಡ್ ಹಾರ್ಸ್ಟನ್ ಕೂಡ 55 ಹೊಡೆದನಾದರೂ ಅವನ ತಂಡ ಮೇಲೇರಲಿಲ್ಲ.

ಹಿಂದಿನ ವರ್ಷ ಸಮದಲ್ಲಿ ನಿಂತುಹೋಗುತ್ತಿದ್ದ ಲೂಟನ್ ಈಗ 27 ಪಂದ್ಯ ಗೆದ್ದು, ನಾಲ್ಕನ್ನು ಮಾತ್ರ ಸಮ ಮಾಡಿಕೊಂಡಿತು. ಸೋಲುಗಳು ಎಂಟರಿಂದ ಹನ್ನೊಂದಕ್ಕೆ ಏರಿದ್ದವು ಎಂಬುದನ್ನು ಗಮನಿಸಿ. ಊರಾಚೆ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಕೆನಿಲ್‌ವರ್ತ್ ರೋಡಿನ 21 ಪಂದ್ಯಗಳಲ್ಲಿ 19ನ್ನು ಗೆದ್ದಿತು. 58 ಅಂಕಗಳೊಂದಿಗೆ, 56 ಗಳಿಸಿದ ನಾಟ್ಸ್ ಕೌಂಟಿಯನ್ನು ಹಿಂದಿಕ್ಕಿ, 1920ರಿಂದ ಸಿಕ್ಕಿಕೊಂಡಿದ್ದ ಮೂರನೆಯ ಡಿವಿಷನ್ನಿನಿಂದ ಅದು ಹೊರಬಂತು.

1937ರ ಮೇ ತಿಂಗಳಲ್ಲಿ ಹೆಲ್ಸಿಂಕಿಯಲ್ಲಿ ಫಿನ್‌ಲೆಂಡ್ ವಿರುದ್ಧ ಇಂಗ್ಲೆಂಡ್ 8–0 ಗೆದ್ದ ಪಂದ್ಯದಲ್ಲಿ ಪೇನ್ ದೇಶಕ್ಕಾಗಿ ಆಡಿ ಎರಡು ಗೋಲು ಹೊಡೆದ. ಮತ್ತೆ ಅವನಿಗೆ ಆ ಅವಕಾಶ ಸಿಗಲಿಲ್ಲ. 1938ರಲ್ಲಿ ಚೆಲ್ಸಿ ಅವನನ್ನು ಕೊಂಡುಕೊಂಡಿತು. ಮರುವರ್ಷವೇ ಯುದ್ಧ ಆರಂಭವಾಗಿ ಲೀಗ್ ನಿಂತಾಗ ಅವನಿಗೆ ಇಪ್ಪತ್ತೈದು ವರ್ಷ. ಏಳು ವರ್ಷಗಳ ನಂತರ, 1946ರಲ್ಲಿ ಲೀಗ್ ಮತ್ತೆ ಶುರುವಾದಾಗ ಅವನು ವೆಸ್ಟ್ ಹ್ಯಾಮ್ ಸೇರಿ, ಅಲ್ಲಿ ಬೆರಳೆಣಿಕೆಯ ಪಂದ್ಯಗಳನ್ನಷ್ಟೇ ಆಡಿದ.